ಕಾಕಾನ ಆಟದ ಯಂತ್ರವೂ ಪಾಲಿನ ವ್ಯವಹಾರವೂ

ನಮ್ಮ ಕಾಕಾ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದರೂ, ಮನೆಮಂದಿ ಎರಡು ದಿನ ಹೇಳಿಕೊಂಡು ನಗುವಂಥದ್ದು ಏನಾದರೊಂದು ಆಗಿಯೇ ಇರುತ್ತದೆ. ಆತನ ಹಿಂದೆ ಚೀಲ ಹಿಡಿದು ತಿರುಗಿದವಳು ನಾನು. ಹೀಗಾಗಿ ಬಹಳಷ್ಟು ನನ್ನ ಕಣ್ಣೆದುರಿಗೇ ನಡೆದದ್ದು.

ಕಾಕಾ ಎಂದರೆ ಅಪ್ಪನ ತಮ್ಮ. ನಮ್ಮ ಮನೆತನಕ್ಕೆ ಗೊತ್ತಿದ್ದದ್ದು ಗುಡಿಯ ಪೂಜೆ, ಸಾಲಿ ಮಾಸ್ತರಿಕೆ ಮತ್ತು ಕಚೇರಿ ನೌಕರಿ, ಇಷ್ಟೇ. ಈತ ಮಾತ್ರ ಮುಂಬಯಿಗೆ ಹೋಗಿ ವಿಡಿಯೋ ಗೇಮ್ ಕಂಪನಿಯೊಂದನ್ನು ಸೇರಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆಲ್ಲ ಮ್ಯಾನೇಜರ್ ಆಗಿ ತಿರುಗಿ ಬಂದ. ನಲವತ್ತು ವರ್ಷ ಮಾಸ್ತರಿಕೆ ಮಾಡಿದ್ದ ಅಜ್ಜನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ.

"ಮುಂದಿನ ಯುಗಾದಿ ತನಕ ನೋಡತೀನಿ. ನೀ ಮಾಡೂದು ಕೆಲಸ ಅಂತ ಅಷ್ಟರಾಗ ನನಗ ಖಾತ್ರಿ ಆಗಬೇಕು. ಇಲ್ಲಂದ್ರ ಶಿರಹಟ್ಟಿ ಕಚೇರಿಯೊಳಗ ಕಾರಕೂನಕಿ. ಮಾತಾಡಿ ಇಟ್ಟೀನಿ," ಎಂದ.

ಕಾಕಾ "ಹೂಂ" ಎಂದ. ಅಜ್ಜನಿಗೆ ಎದುರು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ.

೧. ಸಾಯದ ರಾಜಾ

ಯಂತ್ರ ಬಟ್ಟೆಯ ಕಪಾಟಿನಷ್ಟು ಎತ್ತರ. ಸ್ಟೇಶನ್ ರಸ್ತೆಯ ಬಾಡಿಗೆ ಅಂಗಡಿಯಲ್ಲಿ ಅದನ್ನು ನಿಲ್ಲಿಸಿದಾಗ, ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳುವುದು ನನ್ನ ಕೆಲಸ. ಗಾಜಿಗೆ ಏನೂ ಹಚ್ಚಬಾರದು ಎಂಬ ಸಾಲಿಗೆ ನಾನು ಬರುವಷ್ಟರಲ್ಲಿ ಅಜ್ಜಿ ಕಾಯಿ ಒಡೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗಾಜಿನ ನಟ್ಟನಡುವೆ ಇಟ್ಟಾಗಿತ್ತು.

ನಾಣ್ಯ ಹಾಕಿದರೆ ಮೇಲಿನಿಂದ ಶತ್ರು ವಿಮಾನಗಳು ಸಾಲುಸಾಲಾಗಿ ಇಳಿಯುತ್ತವೆ. ಕೆಳಗಿನ ನಮ್ಮ ವಿಮಾನದಿಂದ ಗುಂಡು ಹೊಡೆದು ಕೆಡವಬೇಕು. ಒಂದು ನಾಣ್ಯಕ್ಕೆ ನಮಗೆ ಮೂರು ವಿಮಾನ. ಮೊದಲ ದಿನ ಬಂದವರು ಹತ್ತಿ ಮಾರ್ಕೆಟ್ಟಿನ ಹಮಾಲರು. ವಿಮಾನಗಳನ್ನೆಲ್ಲ ಬಿಟ್ಟು ಆ ಕೆಂಪು ಬೊಟ್ಟಿಗೇ ಗುರಿ ಹಿಡಿದರು.

"ಇವನಽ ಅವರ ರಾಜಾ ಇರಬೇಕಲೇ! ಎಷ್ಟು ಹೊಡದ್ರೂ ಸಾಯವಲ್ಲ!"

ಕಾಕಾ ಅರಿವೆ ಹಿಡಿದು ಒರೆಸಲು ಹೋದರೆ ಅಜ್ಜಿ ಮೆಲ್ಲಗೆ ಆತನ ಕೈ ಹಿಡಿದಳು. "ಇರಲಿ ಬಿಡೋ ತಮ್ಮಾ. ಅದು ಸಾಯೂ ತನಕ ಅವರು ಬರೂದು ತಪ್ಪಂಗಿಲ್ಲ."

೨. ಹಕ್ಕಿ ಕಾಯುವವನು

ಅಂತೂರ ಬೆಂತೂರದಿಂದ ಒಬ್ಬ ರೈತ ಬಂದ. ಜೋಳ ತೆನೆಗಟ್ಟಿದಾಗ ಹೊಲದ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುವುದರಲ್ಲಿ ಆತನ ಅರ್ಧ ಆಯುಷ್ಯ ಕಳೆದಿತ್ತು. ಒಂದು ನಾಣ್ಯ ಹಾಕಿ, "ಹೋ... ಹೋ..." ಎಂದು ಕೂಗುತ್ತ ಹೊಡೆಯತೊಡಗಿದ. ಒಂದು ವಿಮಾನವೂ ಕೆಳಗಿನ ತನಕ ಬರಲಿಲ್ಲ. ಮುಂಜಾನೆ ಹಾಕಿದ ನಾಣ್ಯ ಮಧ್ಯಾಹ್ನದ ಊಟದ ಹೊತ್ತಾದರೂ ಮುಗಿಯಲಿಲ್ಲ. ಹಿಂದೆ ಸರದಿಯಲ್ಲಿ ನಿಂತವರು ಬೈದು ಬೈದು ದಣಿದು ಮನೆಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಆತನನ್ನು ಹೊರಗೆ ಹಾಕುತ್ತಿದ್ದರು. ಕಾಕಾ ಮಾತ್ರ ಸ್ಟೂಲಿನ ಮೇಲೆ ಕೂತು, ಸಂಗೀತ ಕೇಳುವವರ ಹಾಗೆ ತಲೆದೂಗುತ್ತ ಆತನ ಕೈಯನ್ನೇ ನೋಡಿದ. ಆಮೇಲೆ ನನ್ನಿಂದ ಕಂಪನಿಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆಸಿದ: ನಮ್ಮ ಸೀಮೆಗೆ ನಿಮ್ಮ ಯಂತ್ರ ಸಾಲದು.

ನಂಬದೆ ಮುಂಬಯಿಯಿಂದ ಟೈ ಕಟ್ಟಿದ ಸಾಹೇಬರೊಬ್ಬರು ಬಂದರು. ರೈತ ಆಡುವುದನ್ನು ನೋಡಿ ತಾವೂ ಆಡಿದರು, ಮೂರು ನಿಮಿಷಕ್ಕೇ ಸೋತರು. ಬಾಯಿಬಿಟ್ಟು ನಿಂತ ಅವರನ್ನು ರೈತನೇ ಸಮಾಧಾನ ಮಾಡಿದ: "ಮನಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಹಕ್ಕಿ ಸಾಲು ಹಚ್ಚಿ ಬರತಾವು, ಭಾಳ ಬಡವು ಅದಾವು. ನಮ್ಮ ಹೊಲದಾಗಿನವು ಹಿಂದಿನಿಂದ ಬರತಾವ್ರಿ."

೩. ಬಾಕಿ ಉಳಿದ ವಿಮಾನಗಳು

ಯಂತ್ರವನ್ನು ಟೆಂಪೋದಲ್ಲಿ ಹೇರಿ ಒಂದು ವಾರ ಲಕ್ಷ್ಮೇಶ್ವರ, ಇನ್ನೊಂದು ವಾರ ಶಿರಹಟ್ಟಿ ಎಂದು ಒಯ್ಯುತ್ತಿದ್ದೆವು. ಶಿರಹಟ್ಟಿಯಲ್ಲಿ ಕಚೇರಿಯ ಕಾರಕೂನರೊಬ್ಬರು ಆಡುತ್ತಿದ್ದಾಗ ಕರೆಂಟ್ ಹೋಯಿತು. ಅವರ ಇನ್ನೂ ಎರಡು ವಿಮಾನ ಬಾಕಿ ಇದ್ದವು.

"ಬರದು ಕೊಡ್ರಿ," ಎಂದರು ಅವರು.

"ಏನಂತ ಬರೀಲ್ರಿ?"

"ಸದರಿ ಅರ್ಜಿದಾರರ ಎರಡು ವಿಮಾನ ಕಾದಿರಿಸಲಾಗಿದೆ ಅಂತ."

ಕಾಕಾ ನಗದೆ ಬರೆದು ಸಹಿ ಮಾಡಿ ಕೊಟ್ಟ. ಕರೆಂಟ್ ಬಂದಾಗ ಯಂತ್ರ ಎಲ್ಲ ಮರೆತು ಮೊದಲಿನಿಂದ ಶುರುವಾಗಿತ್ತು. ಎಂಟು ದಿನ ಬಿಟ್ಟು ಅವರು ಚೀಟಿ ಹಿಡಿದು ಲಕ್ಷ್ಮೇಶ್ವರಕ್ಕೇ ಬಂದರು. ಆಗುವುದಿಲ್ಲ ಎಂದು ಕಾಕಾ ಕೈ ಮುಗಿದ. ಅವರಿಗೆ ಸಿಟ್ಟೇನೂ ಬರಲಿಲ್ಲ. ಚೀಟಿ ತಿರುವಿ ಹಿಂದಿನ ಖಾಲಿ ಭಾಗ ತೋರಿಸಿದರು: "ಆಗೂದಿಲ್ಲ ಅಂತ ಇಲ್ಲಿ ಬರೀರಿ. ಮ್ಯಾಲಿನವರ ಕಡೆ ಹೋಗತೀನಿ."

ಬರುವಾಗ ಟೆಂಪೋದಲ್ಲಿ ಕಾಕಾ ನನ್ನ ಕಡೆ ತಿರುಗಿ, "ಅಪ್ಪ ನನ್ನ ಕೂಡಸಬೇಕಂತ ಇರೂದು ಅವರ ಬಾಜೂದ ಕುರ್ಚಿ ಮ್ಯಾಲ ನೋಡವಾ," ಎಂದ.

೪. ಅರ್ಧ ಅಂದರೆ ಅರ್ಧ

ದೀಪಾವಳಿಯ ಹೊತ್ತಿಗೆ ಕಂಪನಿ ಯಂತ್ರವನ್ನು ವಾಪಸ್ ತರಿಸಿಕೊಂಡಿತು. ಲೆಕ್ಕ ತೀರಿಸಿ ಕಂಪನಿ ಕೊಟ್ಟ ರೊಕ್ಕದಿಂದ ಕಾಕಾ ಹೊಸದೊಂದು ಶುರುಮಾಡಿದ. ಹೊಸ ಕೆಲಸದ ವಿಚಾರ ತಲೆಯಲ್ಲಿದ್ದು ಕೈಯಲ್ಲಿ ಬಂಡವಾಳ ಇಲ್ಲದವರನ್ನು ಹುಡುಕಿ ಹುಡುಕಿ ರೊಕ್ಕ ಕೊಡುವುದು. ಬಡ್ಡಿ ಇಲ್ಲ, ಕಾಗದ ಇಲ್ಲ. ಲಾಭ ಬಂದರೆ ಅರ್ಧ ಪಾಲು, ಮುಳುಗಿದರೆ ತನ್ನದೇ ಮುಳುಗಿತು.

ಮೊದಲು ಸಿಕ್ಕವಳು ಮುಂಡರಗಿಯ ಒಬ್ಬ ಹೆಣ್ಣುಮಗಳು. ಬಹಳ ದಿನ ಕೆಡದ ಗರಿಗರಿ ಕಟಕ್ ರೊಟ್ಟಿ ಬಡಿದು ದೂರದ ಊರುಗಳಿಗೆ ಕಳಿಸಬೇಕೆಂದು ಆಕೆಯ ಆಸೆ. "ಬಡ್ಡಿ ಇಲ್ಲದಂಗ ಯಾರು ಕೊಡತಾರೋ ಯಪ್ಪಾ? ಆರಾಮ ಅದೀಯಿಲ್ಲೋ?" ಎಂದು ಕಾಕಾನ ಹಣೆ ಮುಟ್ಟಿ ನೋಡಿಯೇ ರೊಕ್ಕ ತಗೊಂಡಳು.

ಮುಂದಿನ ಸೋಮವಾರ ಮುಂಡರಗಿ ಬಸ್ಸಿನಿಂದ ನಮ್ಮ ಮನೆಗೆ ಒಂದು ಬುಟ್ಟಿ ಬಂತು. ತುಂಬ ರೊಟ್ಟಿ. ಅದರ ಮುಂದಿನ ಸೋಮವಾರ ಎರಡು ಬುಟ್ಟಿ. ಹೊಲ ಪಾಲಿಗೆ ಮಾಡಿದವರು ಬೆಳೆದ ಕಾಳಿನಲ್ಲಿ ಅರ್ಧ ಅಳೆದು ಹೊಲದವರ ಮನೆಗೆ ಮುಟ್ಟಿಸುತ್ತಾರಲ್ಲ, ಆಕೆಯ ಲೆಕ್ಕವೂ ಅದೇ. ಬಡಿದದ್ದರಲ್ಲಿ ಅರ್ಧ ಪಾಲುದಾರನದು. ಕಾಕಾ ಹೋಗಿ ತಿಳಿಸಿ ಹೇಳಿದರೆ, "ನಿನ್ನ ಪಾಲು ನಾ ತಿನ್ನಾಕಿ ಅಲ್ಲ," ಎಂದು ಗದರಿಸಿ ಕಳಿಸಿದಳು.

ಒಂದು ತಿಂಗಳು ಮೂರೂ ಹೊತ್ತು ರೊಟ್ಟಿ ತಿಂದೆವು. ಕಡೆಗೆ ಅಜ್ಜಿಯೇ ಬಾಯಿ ಬಿಟ್ಟಳು: "ಇನ್ನ ಮ್ಯಾಲ ಪಾಲಿಗೆ ರೊಕ್ಕ ಕೊಡೂದಿದ್ರ ಬೆಟಗೇರಿಯೊಳಗ ಸೀರಿ ನೇಯಾವರಿಗೆ ಕೊಡೋ."

೫. ತೊಗಲು

ಉಳಿದದ್ದೆಲ್ಲವನ್ನೂ ಕಾಕಾ ಹಾಕಿದ್ದು ಕೊರ್ಲಹಳ್ಳಿಯ ಒಬ್ಬನ ಮೇಲೆ. ತುಂಗಭದ್ರೆಯಲ್ಲಿ ಎಂಜಿನ್ ದೋಣಿ ಬಿಟ್ಟು ಜನರನ್ನು ಆಚೆ ದಂಡೆಗೆ ದಾಟಿಸುವುದು ಆತನ ಯೋಜನೆ.

ಯುಗಾದಿಗೆ ನಾಲ್ಕು ದಿನ ಇತ್ತು. ಅಜ್ಜ ಕಟ್ಟೆಯ ಮೇಲೆ ಕೂತು ಪಂಚಾಂಗ ನೋಡುತ್ತಿದ್ದ, ಕಾಕಾ ಪಕ್ಕದಲ್ಲಿ ಉಗುರು ಕಡಿಯುತ್ತಿದ್ದ. ಆಗ ಬಜಾರದ ಕಡೆಯಿಂದ ಉದ್ದನೆಯ ಹಲಗೆಯೊಂದು ಬರುವುದು ಕಂಡಿತು. ಹತ್ತಿರ ಬಂದ ಮೇಲೆ ಅದರ ಕೆಳಗೆ ಕೊರ್ಲಹಳ್ಳಿಯವನು ಕಂಡ. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದು, ಬಸ್‌ಸ್ಟ್ಯಾಂಡಿನಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ಕಟ್ಟೆಗೆ ಒರಗಿಸಿ ಕೈ ಮುಗಿದ.

"ಸತ್ತತ್ರಿ," ಎಂದ.

"ಯಾರೋ?" ಅಜ್ಜ ಗಾಬರಿಯಾಗಿ ಎದ್ದ.

"ದೋಣಿರಿ. ಹೊಳಿಯಾಗಿನ ಬಂಡೆಗಲ್ಲಿಗೆ ಬಡದು ಒಡೀತು. ತೊಗಲು ತಂದೀನಿ, ನೋಡ್ಕೋರಿ. ನಾ ಮಾರಿಕೊಂಡಿಲ್ಲ."

ನಮ್ಮ ಕಡೆ ಆಡನ್ನು ಪಾಲಿಗೆ ಸಾಕುವವರು ಅದು ಸತ್ತರೆ ತೊಗಲು ತಂದು ಒಡೆಯನಿಗೆ ತೋರಿಸಬೇಕು. ಇಲ್ಲವಾದರೆ ಕದ್ದು ಮಾರಿದ ಅಂತ ಅನುಮಾನ ಬರುತ್ತದೆ. ಈತನೂ ನೇಮ ತಪ್ಪಿಸಿರಲಿಲ್ಲ.

ಕಾಕಾನ ಹತ್ತಿರ ಇದ್ದದ್ದೆಲ್ಲ ಹೋಗಿತ್ತು. ಆದರೂ ಮೊದಲು ಕೇಳಿದ್ದು, "ನಿನಗೇನೂ ಆಗಿಲ್ಲಲ್ಲಪಾ?"

"ನಾ ಈಸಿ ಬಂದೆರಿ."

ಆಮೇಲೆ ಇಬ್ಬರೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರು. ಅಜ್ಜಿಯ ರಂಗೋಲಿ ಪುಡಿಯಲ್ಲಿ ಹೊಳೆ ಬರೆದು, ಬಂಡೆ ಎಲ್ಲಿತ್ತು, ಮುಂದಿನ ದೋಣಿ ಎತ್ತ ತಿರುವಬೇಕು ಎಂದು ವಾದಕ್ಕೆ ಬಿದ್ದರು. ನಾನು ಬಾಗಿಲ ಹಿಂದೆ ನಿಂತು ಅಜ್ಜನ ಮುಖ ನೋಡುತ್ತಿದ್ದೆ. ಕಾರಕೂನಕಿ ತಪ್ಪಿದ್ದಲ್ಲ ಎನಿಸಿತ್ತು.

ಅಜ್ಜ ಹಲಗೆಯ ಸುತ್ತ ಒಂದು ಸುತ್ತು ಬಂದ. ಮುಟ್ಟಿದ. ಕನ್ನಡಕ ತೆಗೆದು ಒರೆಸಿಕೊಂಡು, ಒಳಗೆ ನಿಂತ ಅಜ್ಜಿಗೆ ಕೂಗಿ ಹೇಳಿದ:

"ಈ ದೋಣಿಯವಂಗ ಉಣ್ಣಾಕ ಹಾಕು. ನನಗ ಖಾತ್ರಿ ಆತು. ಶಿರಹಟ್ಟಿಗೆ ನಮ್ಮ ಹುಡುಗ ಬರಂಗಿಲ್ಲ ಅಂತ ಖಬರ ಕಳಸತೀನಿ. ನಲವತ್ತು ವರ್ಷ ಸಾಲಿ ಕಲಿಸೀನಿ, ಫೇಲಾದಂವ ಒಬ್ಬನಾದ್ರೂ ತನ್ನ ಪೇಪರ ಹೆಗಲ ಮ್ಯಾಲ ಹೊತಗೊಂಡು ಬಸ್ಸಿನಾಗ ಬಂದು ಮಾಸ್ತರಿಗೆ ತೋರಿಸಿಲ್ಲ!"