ಮಾವನನ್ನು ಬಲಗಡೆ ಕೂರಿಸಿಕೊಂಡು ಘಾಟಿ ಇಳಿದದ್ದು

ಬೇರೆಯವರ ವಸ್ತು ಕೈಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ನೆರೆಮನೆಯಿಂದ ಏಣಿ ತಂದರೆ ಬಲ್ಬು ಹಾಕುವುದಕ್ಕಿಂತ ಏಣಿ ಮುರಿಯದಂತೆ ನೋಡಿಕೊಳ್ಳುವುದರಲ್ಲೇ ನನ್ನ ಗಮನವೆಲ್ಲ ಇರುತ್ತದೆ. ಇಂಥ ಮನುಷ್ಯ ಒಂದು ಇಡೀ ಕಾರನ್ನು ಐದು ದಿನದ ಬಾಡಿಗೆಗೆ ತಂದನೆಂದರೆ, ಅದರ ಹಿಂದೆ ಹೆಂಡತಿಯ ಕೈವಾಡ ಇದ್ದೇ ಇರಬೇಕು ಎಂದು ಮದುವೆಯಾದವರು ಯಾರಾದರೂ ಊಹಿಸಬಹುದು. ಇತ್ತು.

ಎಂಬತ್ತರ ದಶಕದ ಮಾತು. ನಾನು ಅರಬರ ನಾಡಿನ ಯಾನ್ಬು ಎಂಬ ಬಂದರು ಊರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ಸಫಿಯಾ, ಎಂಟು ವರ್ಷದ ಮಗಳು ರಿಹಾನಾ ಜೊತೆಗಿದ್ದರು. ಆ ವರ್ಷ ಸಫಿಯಾಳ ತಂದೆ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದರು. ಅವರನ್ನು ಉಮ್ರಾ ಯಾತ್ರೆಗೆ ಕರೆದುಕೊಂಡು ಹೋಗಿ, ಹಾಗೆಯೇ ತಾಯಿಫ್ ಬೆಟ್ಟದ ತಂಪು ಗಾಳಿಯನ್ನೂ ತೋರಿಸಿ ತರಬೇಕೆಂದು ಅವಳು ತೀರ್ಮಾನಿಸಿದಳು. "ಬಸ್ಸಲ್ಲಿ ಹೋಗುವ" ಎಂದೆ. "ನಿಮಗೆ ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳಾಯ್ತಲ್ಲ. ಅದನ್ನು ಎಂತ, ಫ್ರೇಮ್ ಹಾಕಿಸಿ ಗೋಡೆಗೆ ಹೊಡೀಲಿಕ್ಕಾ ತೆಗೆದದ್ದು?" ಎಂದು ಕೇಳಿದಳು. ಆ ನಾಲ್ಕು ತಿಂಗಳಲ್ಲಿ ನಾನು ಗಾಡಿ ಓಡಿಸಿದ್ದು ಎರಡೇ ಸಲ. ಎರಡೂ ಸಲ ಗೆಳೆಯನ ಕಾರು, ಶುಕ್ರವಾರದ ಖಾಲಿ ರಸ್ತೆ.

ಅಷ್ಟೇ ಆಗಿದ್ದರೆ ಹೇಗೋ ಧೈರ್ಯ ತಂದುಕೊಳ್ಳುತ್ತಿದ್ದೆ. ನನ್ನ ನಿಜವಾದ ಹೆದರಿಕೆ ಮಾವನದು. ಡ್ರೈವರ್ ಹಸನಬ್ಬ ಎಂದರೆ ಉಡುಪಿ ಮಂಗಳೂರು ರಸ್ತೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಕೋಳಿಯನ್ನೂ ಕೊಂದವರಲ್ಲ. ಅಂಥವರ ಎದುರು ನಾನು ಸ್ಟೇರಿಂಗ್ ಹಿಡಿಯಬೇಕು.

ಅವರು ಬೈಯುವವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ನಮ್ಮ ಬ್ಯಾರಿಗಳಲ್ಲಿ ಅಳಿಯನೆಂದರೆ ಪುದಿಯಾಪ್ಳ, ಕೂದಲು ನರೆತರೂ ಹೊಸ ಮದುಮಗನೇ. ಮೀನಿನ ದೊಡ್ಡ ತುಂಡು ಅವನ ತಟ್ಟೆಗೆ ಬೀಳಬೇಕು, ಅವನು ತಪ್ಪು ಹೇಳಿದರೂ ಹೌದೆನ್ನಬೇಕು. ಮಾವ ಹನ್ನೊಂದು ವರ್ಷಗಳಲ್ಲಿ ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ನಮ್ಮ ಮನೆಮಾತಿನಲ್ಲೂ ಕನ್ನಡದ ಹಾಗೆ ನೀನು ಬೇರೆ, ನೀವು ಬೇರೆ. ಅವರು ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ನಾನು ಅವರಿಗೆ "ನೀವು."

ಬಾಡಿಗೆ ಅಂಗಡಿಯ ಈಜಿಪ್ಟಿನವನು ಕೊಟ್ಟದ್ದು ಅಮೆರಿಕದ ಗಾಡಿ. ಅಗಲದಲ್ಲಿ ನಮ್ಮೂರಿನ ಮೀನುದೋಣಿಯನ್ನು ಸೋಲಿಸುವಂಥದ್ದು. ಬಾಗಿಲಿನ ಮೇಲಿದ್ದ ಒಂದು ಗೀರನ್ನು ನಾನು ಬೆರಳಿನಿಂದ ತೋರಿಸಿದೆ. "ಮಾಫಿ ಮುಶ್ಕಿಲ್", ಏನೂ ತೊಂದರೆಯಿಲ್ಲ, ಎಂದು ಅವನು ನಕ್ಕ. ನಾನು ಇನ್ನೂ ಮೂರು ಗೀರು ತೋರಿಸಿದೆ. ಅವನು ನಗುವುದನ್ನು ನಿಲ್ಲಿಸಿ ಕೀಲಿಕೈ ನನ್ನ ಕೈಯಲ್ಲಿಟ್ಟು ಒಳಗೆ ಹೋದ.

ಮಾವನನ್ನು ಗೌರವದಿಂದ ಮುಂದೆ ಕೂರಿಸಿದೆ. ಆಮೇಲೆ ಗೊತ್ತಾದದ್ದೇನೆಂದರೆ, ಆ ದೇಶದಲ್ಲಿ ಸ್ಟೇರಿಂಗ್ ಎಡಗಡೆ ಇರುವುದರಿಂದ ಅವರಿಗೆ ಸಿಕ್ಕಿದ್ದು ಬಲಗಡೆಯ ಸೀಟು. ಮೂವತ್ತೆರಡು ವರ್ಷ ಅವರು ಕೂತದ್ದು ಆ ಜಾಗದಲ್ಲೇ. ಕೂತ ಕೂಡಲೇ ಅವರ ಬಲಗಾಲು ತನ್ನಷ್ಟಕ್ಕೆ ಮುಂದೆ ಹೋಯಿತು. ನಾನು ಲಾರಿಯೊಂದರ ಹತ್ತಿರ ಹೋದಾಗಲೆಲ್ಲ ಅದು ನೆಲದ ಮ್ಯಾಟನ್ನು ಬಲವಾಗಿ ಒತ್ತುತ್ತಿತ್ತು. "ಡ್ಯಾಡಿ, ಅಜ್ಜ ವೈ ಮ್ಯಾಟ್ ತುಳೀತಿದ್ದಾರೆ?" ಎಂದು ರಿಹಾನಾ ಕೇಳಿದಳು. "ಕಾಲು ಜೋಮು ಹಿಡಿದಿದೆ ಮಗಾ" ಎಂದರು ಮಾವ. ಹೇಗಿದೆ ನನ್ನ ಡ್ರೈವಿಂಗ್ ಎಂದು ಕೇಳುವ ಧೈರ್ಯ ನನಗೆ ಜಿದ್ದಾ ದಾಟಿದ ಮೇಲೆ ಬಂತು. ಅವರು ಮ್ಯಾಟಿನಿಂದ ಕಾಲೆತ್ತಿ, "ನೀವು ಹಾರ್ನ್ ಚಂದ ಹೊಡೀತೀರಿ" ಎಂದರು.

ಉಮ್ರಾ ಸುಸೂತ್ರವಾಗಿ ಮುಗಿಯಿತು. ತಾಯಿಫಿಗೆ ಹತ್ತುವುದೂ ಆಯಿತು. ಹತ್ತುವಾಗ ಎಡಬಲ ನೋಡದೆ ಒಬ್ಬ ಲಾರಿಯವನ ಬೆನ್ನು ಹಿಡಿದು ಹೋದೆ. ಆದರೆ ಹತ್ತಿದವನು ಇಳಿಯಲೇಬೇಕೆಂಬುದು ಎರಡು ದಿನ ನನ್ನ ನಿದ್ದೆ ಕೆಡಿಸಿತು. ತಾಯಿಫಿನ ದಾಳಿಂಬೆಯ ರುಚಿ ಈಗಲೂ ನೆನಪಿಲ್ಲ. ತಿನ್ನುತ್ತಿದ್ದಾಗ ನಾನು ತಿರುವುಗಳನ್ನು ಎಣಿಸುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಇಳಿಯಲು ಶುರು ಮಾಡಿದೆವು. ಒಂದು ಬದಿ ಬಂಡೆ, ಇನ್ನೊಂದು ಬದಿ ಬರೀ ಆಕಾಶ. ಕೆಳಗೆ ರಸ್ತೆ ಯಾರೋ ಬಿಚ್ಚಿ ಎಸೆದ ಮುಂಡಾಸಿನಂತೆ ಬಿದ್ದಿತ್ತು. ನಾನು ಬ್ರೇಕಿನ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ. ನಾಲ್ಕನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. "ಯಾರೋ ಟಯರ್ ಸುಡ್ತಿದ್ದಾರೆ" ಎಂದಳು ಸಫಿಯಾ. ಐದನೆಯ ತಿರುವಿನಲ್ಲಿ ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಾಯಿತು. ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಧಾನವಾಗುವುದಿಲ್ಲ.

ಆಗ ಬಲಗಡೆಯಿಂದ ಒಂದು ದನಿ ಬಂತು. ಅದು ನನ್ನ ಮಾವನ ದನಿಯೆಂದು ನನಗೆ ತಕ್ಷಣ ಗುರುತು ಸಿಗಲಿಲ್ಲ. ಹಸನಬ್ಬ ಎಂಬ ಡ್ರೈವರನ ದನಿ ಅದು.

"ಬ್ರೇಕಿಂದ ಕಾಲು ತೆಗಿಯೋ."

ತೆಗೆದೆ.

"ಎರಡನೇ ಗೇರಿಗೆ ಹಾಕು."

"ಇದರಲ್ಲಿ ಗೇರಿಲ್ಲ ಮಾಮಾ. ಆಟೋಮ್ಯಾಟಿಕ್."

"ಗೇರಿಲ್ಲದ ಗಾಡಿ ಎಲ್ಲುಂಟು ಮಾರಾಯ? ಆ ಕಡ್ಡಿ ಹತ್ತಿರ ಎಂತ ಬರೆದಿದೆ, ಓದು."

"ಪಿ, ಆರ್, ಎನ್, ಡಿ, ಎರಡು, ಒಂದು."

"ಎರಡು ಅಂತ ಬರೆದಿದೆಯಲ್ಲ. ಅದು ಎಂತ, ಚಂದಕ್ಕೆ ಬರೆದದ್ದಾ? ಎಳಿ."

ಎಳೆದೆ. ಎಂಜಿನ್ ಗೂಳಿಯಂತೆ ಗುಟುರು ಹಾಕಿತು. ಯಾರೋ ಹಿಂದಿನಿಂದ ಬಾಲ ಹಿಡಿದು ಜಗ್ಗಿದ ಹಾಗೆ ಗಾಡಿಯ ವೇಗ ಇಳಿಯಿತು. ಆಮೇಲೆ ಅವರು ಒಂದೊಂದೇ ತಿರುವನ್ನು ನನ್ನ ಕೈಯಲ್ಲಿ ಮಾಡಿಸಿದರು. "ಈಗ ಬೇಡ. ಇನ್ನೂ ಬೇಡ. ಈಗ ತಿರುಗಿಸು. ಕೆಳಗೆ ನೋಡ್ಬೇಡ, ರಸ್ತೆ ನೋಡು. ಉಸಿರು ಬಿಡು, ಕಟ್ಟಿಟ್ಟರೆ ಯಾರಿಗೂ ಉಪಯೋಗ ಇಲ್ಲ." ಅಗಲವಾದ ಒಂದು ಜಾಗ ಸಿಕ್ಕಿದಾಗ ನಿಲ್ಲಿಸಲು ಹೇಳಿದರು. ಬ್ರೇಕು ತಣಿಯುವವರೆಗೆ ಕಾದೆವು. ಬಂಡೆಯ ಮೇಲಿಂದ ಇಳಿದು ಬಂದ ಮಂಗಗಳ ದೊಡ್ಡ ಸಂಸಾರವೊಂದು ನಮ್ಮನ್ನು ಸುತ್ತುವರಿದು ನೋಡಿತು. ಅವುಗಳಲ್ಲೊಂದು ಬಾನೆಟ್ಟಿನ ಮೇಲೆ ಕೂತು ಉಗುರಿನಿಂದ ಕೆರೆಯಿತು. ಗೀರು ಬೀಳುತ್ತದೆಂಬ ಯೋಚನೆ ನನಗೆ ಬರಲೇ ಇಲ್ಲ.

ಬುಡ ತಲುಪಿದ ಮೇಲೆ ಮಾವ ಫ್ಲಾಸ್ಕಿನಿಂದ ನೀರು ಬಗ್ಗಿಸಿ ನನಗೆ ಕೊಟ್ಟು, "ನೀವು ಕುಡೀರಿ. ಬಾಯಿ ಒಣಗಿರಬೇಕು ನಿಮ್ಗೆ" ಎಂದರು. ಡ್ರೈವರ್ ಹಸನಬ್ಬ ಇಳಿದುಹೋಗಿದ್ದರು. ಸಂಕೋಚದಿಂದ ನನ್ನ ಮುಖವನ್ನೂ ನೋಡದೆ ಕೂತಿದ್ದವರು ಮಾವ.

ಮರುದಿನ ಕಡಲ ಬದಿಯ ದಾರಿಯಲ್ಲಿ ಯಾನ್ಬುವಿಗೆ ವಾಪಸು ಹೊರಟೆವು. ಇಳಿಹೊತ್ತಿನ ಅಸರ್ ನಮಾಜಿಗೆ ರಸ್ತೆ ಬಿಟ್ಟು ನಿಲ್ಲಿಸಿದೆ. ನಮಾಜು ಮುಗಿದ ಮೇಲೆ ತಾಯಿ ಮಗಳು ಕಪ್ಪೆಚಿಪ್ಪು ಹೆಕ್ಕಲು ನೀರಿನ ಕಡೆ ನಡೆದರು. ಮಾವ ಗಾಡಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಹಸುವಿನ ಬೆನ್ನು ಸವರುವಂತೆ ಕೈಯಾಡಿಸಿದರು. "ಮಾಮಾ, ಸ್ವಲ್ಪ ಓಡಿಸಿ ನೋಡ್ತೀರಾ? ರಸ್ತೆಗೆ ಬೇಡ. ಇಲ್ಲೇ, ಈ ಬಯಲಲ್ಲಿ" ಎಂದೆ. "ಛೆ, ಬೇಡ" ಎನ್ನುತ್ತಲೇ ಅವರು ಬಾಗಿಲು ತೆಗೆದಿದ್ದರು.

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸುತ್ತು ಹೊಡೆದರು. "ಇದರಲ್ಲಿ ಡ್ರೈವರಿಗೆ ಕೆಲಸವೇ ಇಲ್ಲ, ಹೆಂಗಸರೂ ಓಡಿಸ್ಬಹುದು" ಎಂದು ಬೈದರೂ ಮುಖ ಹಬ್ಬದ ದಿನದಂತಿತ್ತು. ಮೂರನೆಯ ಸುತ್ತನ್ನು ಸ್ವಲ್ಪ ದೊಡ್ಡದಾಗಿ, ಕಡಲಿನ ಹತ್ತಿರದಿಂದ ತೆಗೆದರು. ಅಲ್ಲಿ ಉಪ್ಪು ಕಟ್ಟಿದ ನೆಲ ನೋಡಲು ಸಿಮೆಂಟಿನ ಹಾಗೆ ಕಂಡರೂ ಒಳಗೆ ಕೆಸರು. ಹಪ್ಪಳ ಮುರಿದಂತೆ ಸದ್ದಾಯಿತು. ಮಾವ ಆಕ್ಸಿಲರೇಟರ್ ಒತ್ತಿದರು. ಚಕ್ರ ತಿರುಗಿತು, ಗಾಡಿ ಇಳಿಯಿತು. ಮತ್ತೂ ಒತ್ತಿದರು. ಗಾಡಿ ಹೊಟ್ಟೆಯವರೆಗೆ ಹೂತು ಕೂತಿತು.

ಇಬ್ಬರೂ ಇಳಿದು ನಿಂತೆವು. ಮಾವನ ಮುಖ ಬಿಳಿಚಿತ್ತು. ಅಷ್ಟರಲ್ಲಿ ಸೆರಗಿನ ತುಂಬ ಚಿಪ್ಪು ತುಂಬಿಕೊಂಡು ಸಫಿಯಾ ಬಂದಳು.

"ಯಾರು ಇಲ್ಲಿಗೆ ಇಳಿಸಿದ್ದು ಇದನ್ನು?"

ಮಾವ ಟಯರನ್ನೇ ನೋಡುತ್ತಿದ್ದರು.

"ನಾನೇ" ಎಂದೆ.

ಪಿಕಪ್ಪಿನಲ್ಲಿ ಹೋಗುತ್ತಿದ್ದ ಮರುಭೂಮಿವಾಸಿ ಬದೂವಿಯೊಬ್ಬ ಹಗ್ಗ ಕಟ್ಟಿ ಎಳೆದುಕೊಟ್ಟು, ಒಂದು ಹಿಡಿ ಖರ್ಜೂರವನ್ನೂ ಕೊಟ್ಟು ಹೋದ. ಯಾನ್ಬು ತಲುಪುವವರೆಗೆ ಸಫಿಯಾ ನನ್ನ ಬುದ್ಧಿಯ ಬಗ್ಗೆ ಮಾತಾಡಿದಳು. "ಅಪ್ಪ ಪಕ್ಕದಲ್ಲೇ ಇದ್ರಲ್ಲ, ಒಂದು ಮಾತು ಕೇಳ್ಬಾರದಿತ್ತಾ?" ಎಂದಳು. ಇವತ್ತಿಗೂ ನಾನು ಯಾವುದಾದರೂ ಹೊಸ ದಾರಿ ಸೂಚಿಸಿದರೆ ಆ ಕೆಸರನ್ನು ನೆನಪಿಸುತ್ತಾಳೆ. ಮಾವ ಊರಿಗೆ ಹೋದ ಮೇಲೆ, ಪುದಿಯಾಪ್ಳ ತಾಯಿಫ್ ಘಾಟಿಯನ್ನು ಹುಲಿಯ ಹಾಗೆ ಇಳಿದರೆಂದು ಮಸೀದಿಯ ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳಿದರಂತೆ. ವಿಮಾನ ಹತ್ತುವ ಮೊದಲು ನನ್ನ ಕೈ ಹಿಡಿದು, "ಆ ಕೆಸರಿನ ವಿಷಯ..." ಎಂದು ತೊದಲಿದ್ದರು. "ಯಾವ ಕೆಸರು ಮಾಮಾ?" ಎಂದಿದ್ದೆ. ಅವರ ಕಣ್ಣು ತುಂಬಿತ್ತು.

ಇದನ್ನು ಓದಿ ಯಾರಾದರೂ ನನ್ನನ್ನು ದೊಡ್ಡ ಮನಸ್ಸಿನವನೆಂದು ತಿಳಿದರೆ ಅದು ನನ್ನ ತಪ್ಪಾಗುತ್ತದೆ. ಆದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಒಂದೂ ತಪ್ಪು ಮಾಡದವರ ಚಕ್ರ ಹೂತುಹೋದದ್ದನ್ನು ಕಂಡಾಗ ನನಗೆ ಹೊಟ್ಟೆಯಿಂದ ನಗು ಉಕ್ಕಿ ಬಂದಿತ್ತು. ಅದನ್ನು ಅಡಗಿಸಲು ಕಡಲಿನ ಕಡೆ ಮುಖ ಮಾಡಿ ತುಟಿ ಕಚ್ಚಿಕೊಂಡು ನಿಂತಿದ್ದೆ. ಸಫಿಯಾ ಕೇಳಿದ್ದು ಆಗಲೇ. ಬಾಯಿ ಹೆಚ್ಚು ತೆರೆದರೆ ನಗು ಹೊರಬೀಳುತ್ತಿತ್ತು. ಆ ಗಳಿಗೆಯಲ್ಲಿ "ನಾನೇ" ಎನ್ನುವುದಕ್ಕಿಂತ ಚಿಕ್ಕ ಉತ್ತರ ನನಗೆ ಹೊಳೆಯಲಿಲ್ಲ.