ಕಂಪನಿ ಗಾಡಿಯ ಹಸಿರು ದೀಪ

ಆಂಬುಲೆನ್ಸ್ ಓಡಿಸುವವನ ಮುಂದೆ ಜನ ಅಳುವುದೇ ಹೆಚ್ಚು ಅಂತ ನೀವು ತಿಳಿದಿರಬಹುದು. ನನ್ನ ಹಣೆಬರಹ ಹಾಗಿಲ್ಲ. ಗಾಡಿ ತಗೊಂಡು ಹೊರಬಿದ್ದೆನೆಂದರೆ ನಗುವಂಥದ್ದು ಏನಾದರೊಂದು ದಾರಿಗೆ ಅಡ್ಡ ಬಂದೇ ಬರುತ್ತದೆ. ಬರದಿದ್ದರೆ ನಾನೇ ಹುಟ್ಟಿಸುತ್ತೇನೆ. ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಖರೆ. ಉಳಿದ ಕಾಲು ಯಾವುದು ಅಂತ ಕೇಳಬೇಡಿ, ಈಗ ನನಗೂ ನೆನಪಿಲ್ಲ.

ಮೊದಲು ಗಾಡಿಯ ವಿಷಯ. ವಿಜಯಪುರದ ಒಂದು ಧರ್ಮಸಂಸ್ಥೆಯ ಆಂಬುಲೆನ್ಸಿಗೆ ನಾನು ಡ್ರೈವರ್. ಮೊದಲಿದ್ದದ್ದು ಹಳೇ ಗಡಗಡ ಗಾಡಿ. ಅದರಲ್ಲಿ ಹಿಂದೆ ಜಾಗ ಸಾಲದೆ ಪೇಷಂಟಿನ ಕಡೆಯವರೊಬ್ಬರು ನನ್ನ ಪಕ್ಕದಲ್ಲೇ ಕೂಡಬೇಕಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಮನೆತನದ ಕತೆ ನನಗೆ, ನನ್ನ ಸುಳ್ಳುಗಳು ಅವರಿಗೆ. ಹೆದರಿದ ಮನುಷ್ಯನಿಗೆ ಮಾತು ಬೇಕು. ನನಗಂತೂ ಹೆದರದೆಯೂ ಬೇಕು. ಮದುವೆಯಿಲ್ಲದೆ ಉಳಿದವನು ನಾನು. ಮನೆಯಲ್ಲಿ ಮಾತಾಡುವವರು ನಾನು ಮತ್ತು ಗೋಡೆ. ಗೋಡೆ ತನ್ನ ಪಾಳಿ ಬಂದಾಗ ಸುಮ್ಮನಿರುತ್ತದೆ.

ಆಮೇಲೆ ದಾನಿಯೊಬ್ಬರು ತಮ್ಮ ಮನೆಮಂದಿ ಪ್ರವಾಸ ಹೋಗುತ್ತಿದ್ದ ವ್ಯಾನನ್ನು ಸಂಸ್ಥೆಗೆ ಕೊಟ್ಟರು. ಪರದೇಶದ ದೊಡ್ಡ ಕಂಪನಿಯದು. ಮಂತ್ರಿಗಳು ತಿರುಗುವುದೂ ಅದೇ ಕಂಪನಿಯ ಕಾರಿನಲ್ಲಂತೆ. ಒಳಗೆ ಸ್ಟ್ರೆಚರ್ ಕೂಡಿಸಿದರು, ಆಕ್ಸಿಜನ್ ಸಿಲಿಂಡರ್ ಇಟ್ಟರು, ನೆತ್ತಿಯ ಮೇಲೆ ಕೆಂಪು ನೀಲಿ ದೀಪ ಹಚ್ಚಿದರು. ಹಿಂದಿನ ಮೆತ್ತನೆ ಚರ್ಮದ ಸೀಟುಗಳನ್ನು ಕೀಳಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ. ಡ್ರೈವರನಿಗೂ ಹಿಂದಿನವರಿಗೂ ನಡುವೆ ಒಂದು ದಪ್ಪ ಗಾಜು. ಸಾಹುಕಾರರ ಮಾತು ಡ್ರೈವರನ ಕಿವಿಗೆ ಬೀಳಬಾರದು ಅಂತ ಇರಬೇಕು. ಜನ ಹಿಂದಿನ ತಂಪಿನಲ್ಲಿ ಒತ್ತೊತ್ತಿ ಕೂತರು. ನನ್ನ ಪಕ್ಕದ ಸೀಟು ಖಾಲಿ ಬಿತ್ತು.

ಸ್ಟೇರಿಂಗಿನ ಬಗಲಿಗೆ ಸಾಲಾಗಿ ಗುಂಡಿಗಳಿದ್ದವು. ಯಾವುದು ಯಾತಕ್ಕೆ ಅಂತ ಕೊಟ್ಟವರಿಗೂ ಗೊತ್ತಿಲ್ಲ. ಮೊದಲ ದಿನವೇ ಎಲ್ಲ ಒತ್ತಿ ನೋಡಿದೆ. ಒಂದು ಒತ್ತಿದರೆ ಕೂತ ಸೀಟು ಬಿಸಿಯಾಯಿತು. ವಿಜಯಪುರದ ಬಿಸಿಲಿಗೆ ಸೀಟು ಕಾಯಿಸುವ ಯಂತ್ರ! ಇನ್ನೊಂದು ಒತ್ತಿದರೆ ಸಣ್ಣ ಹಸಿರು ದೀಪ ಹತ್ತಿತು, ಮತ್ತೇನೂ ಆಗಲಿಲ್ಲ. ನೋಡಲು ಚಂದ ಇತ್ತು, ಇರಲಿ ಅಂತ ಬಿಟ್ಟೆ. ಕೇಳುವವರು ಬೇರೆ ಯಾರೂ ಇಲ್ಲದ್ದಕ್ಕೆ ಆ ದೀಪದ ಜೊತೆಗೇ ಮಾತಾಡುತ್ತ ಹೋದೆ. ಗೋಡೆಗಿಂತ ಮೇಲು, ಮಿಣುಕುತ್ತಾದರೂ ಇರುತ್ತಿತ್ತು.

ಚಪ್ಪಲಿ ಸಾಲು

ಸಾರವಾಡದಲ್ಲಿ ಒಬ್ಬ ಟ್ರ್ಯಾಕ್ಟರಿನಿಂದ ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಮನೆ ಮುಂದೆ ಗಾಡಿ ನಿಲ್ಲಿಸಿದರೆ ಯಾರೂ ಹತ್ತಿರ ಬರಲೊಲ್ಲರು.

"ಇದು ನಮಗ ಬಂದದ್ದಲ್ರಿ, ಯಾರದೋ ಮದವಿಗೆ ಹೊಂಟಿದ್ದು ದಾರಿ ತಪ್ಪೇತಿ" ಅಂದ ಅವನ ಅಣ್ಣ.

"ನಿಮಗ ಬಂದೈತ್ರಿ. ಪುಕ್ಕಟೆ ಐತಿ, ಹತ್ರಿ" ಅಂದೆ. ಪುಕ್ಕಟೆ ಅಂದಮೇಲೆ ಇನ್ನಷ್ಟು ಹೆದರಿದರು.

ಕಡೆಗೆ ಕಾಲು ಮುರಿದವನನ್ನು ಮಲಗಿಸಿ ಅಣ್ಣ, ಹೆಂಡತಿ, ಕಾಕಾ, ಕಾಕಿ ಎಲ್ಲರೂ ಹತ್ತಿದರು. ಗಾಜಿನ ಇತ್ತ ಕೂತು ದಾರಿಯುದ್ದಕ್ಕೂ ನಾನು ಹಸಿರು ದೀಪಕ್ಕೆ, ಹಿಂದೊಮ್ಮೆ ಎಮ್ಮೆಯೊಂದಕ್ಕೆ ನನ್ನ ಹಳೇ ಆಂಬುಲೆನ್ಸಿನಲ್ಲಿ ಹೆರಿಗೆಯಾದ ಕತೆ ಹೇಳಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಎಲ್ಲರೂ ನಗುತ್ತಿದ್ದಾರೆ. ಕಾಲು ಮುರಿದವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ಮೆತ್ತನೆ ಸೀಟಿನ ಸುಖ ಅಂದರೆ ಇದೇ ಇರಬೇಕು ಅಂತ ಹೊಟ್ಟೆ ಉರಿಯಿತು.

ಆಸ್ಪತ್ರೆಯಲ್ಲಿ ಬಾಗಿಲು ತೆಗೆದೆ. ಮಟಮಟ ಮಧ್ಯಾಹ್ನ, ಕಾದ ಕಾಂಕ್ರೀಟು. ಇಳಿದವರೆಲ್ಲ ಕುಣಿಯತೊಡಗಿದರು. ಗುಡಿಯೊಳಗೆ ಹೋಗುವವರ ಹಾಗೆ ಎಲ್ಲರೂ ಚಪ್ಪಲಿಯನ್ನು ಸಾರವಾಡದ ಮನೆ ಮುಂದೆ ಸಾಲಾಗಿ ಬಿಟ್ಟು ಹತ್ತಿದ್ದರು! ಮಲಗಿಸಿ ಹತ್ತಿಸಿದ ಗಡಿಬಿಡಿಯಲ್ಲಿ ಕಾಲು ಮುರಿದವನ ನೆಟ್ಟಗಿದ್ದ ಕಾಲಿನಲ್ಲಿ ಮಾತ್ರ ಒಂದು ಚಪ್ಪಲಿ ಉಳಿದಿತ್ತು.

ಅವನು ಸ್ಟ್ರೆಚರಿನ ಮೇಲಿಂದಲೇ ಅದನ್ನು ಕಳಚಿ ಅಣ್ಣನ ಕಡೆ ಚಾಚಿದ: "ತಗೋ ಯಣ್ಣಾ, ಪಾಳಿ ಹಚ್ಚಿ ಹಾಕ್ಕೋರಿ. ನನಗ ಇವತ್ತ ನಡಿಯೂ ಕೆಲಸ ಇಲ್ಲ."

ಹಿಂದೆ ಮಲಗಿದ ಸಾಹೇಬರು

ಒಮ್ಮೆ ಪೇಷಂಟನ್ನು ಮನೆ ಮುಟ್ಟಿಸಿ ಟಿಕೋಟಾ ಕಡೆಯಿಂದ ಒಬ್ಬನೇ ಬರುತ್ತಿದ್ದೆ. ಹೋಗುವಾಗ ಗಾಡಿ ತುಂಬ ಮಂದಿ, ಬರುವಾಗ ನಾನೊಬ್ಬ. ಈ ಉದ್ಯೋಗವೇ ಹಾಗೆ. ದಾರಿಯ ಒಂದು ಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಕಟ್ಟೆಯ ಮೇಲಿದ್ದವರು ದಡಬಡ ಎದ್ದು ನಿಂತರು.

ಗಾಡಿಯ ಮೂತಿಯ ಮೇಲೆ ಆಂಬುಲೆನ್ಸ್ ಅಂತ ಉಲ್ಟಾ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ಅದು ಆ ಕಂಪನಿಯ ದೇಶದ ಭಾಷೆ ಅಂತ ಅವರು ತಿಳಿದರು. ಟೊಪ್ಪಿಗೆಯ ಹಿರಿಯರೊಬ್ಬರು ಕೈ ಮುಗಿದು, "ಸಾಹೇಬ್ರು ಬಂದಾರೇನ್ರಿ?" ಅಂದರು. ಯಾವ ಸಾಹೇಬರು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಹಿಂದ ಮಲಗ್ಯಾರ್ರಿ. ಬಾಳ ದಣದಾರ, ಎಬ್ಬಿಸಬ್ಯಾಡ್ರಿ" ಅಂದೆ. ನನ್ನ ನಾಲಿಗೆಯ ಗುಣ ಅದು, ನನ್ನನ್ನು ಕೇಳಿ ಮಾತಾಡುವುದಿಲ್ಲ.

ಎಲ್ಲರೂ ದನಿ ತಗ್ಗಿಸಿದರು. ನನಗೆ ಕುರ್ಚಿ ಬಂತು, ಚಹಾ ಬಂತು, ಮಿರ್ಚಿ ಬಂತು. ಸುತ್ತ ಕೂತು ಪಿಸುಪಿಸು ಅಂತ ಗಟಾರದ ಗೋಳು ಹೇಳಿಕೊಂಡರು. ನಾನೂ ಪಿಸುದನಿಯಲ್ಲೇ ನಾಲ್ಕು ಸುಳ್ಳು ಹೇಳಿದೆ. ನನ್ನ ಮಾತಿಗೆ ಅಷ್ಟು ಮಂದಿ ಕಿವಿ ಕೊಟ್ಟು ಯಾವ ಕಾಲವಾಗಿತ್ತೋ. ಏಳಲು ಮನಸ್ಸೇ ಬರಲಿಲ್ಲ. ಎರಡನೇ ಚಹಾ ಕೇಳಿ ಕುಡಿದೆ.

ಹೊರಡುವಾಗ ಹಿರಿಯರು ಕರಿ ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕಿದರು. ಸ್ಟ್ರೆಚರಿನ ಮೇಲೆ ದಿಂಬಿಗೆ ಬಿಳಿ ಚಾದರ ಹೊದಿಸಿ ಇಟ್ಟಿದ್ದೆ. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಹಿಂದೆ ಸರಿದು ಉಳಿದವರಿಗೆ ಹೇಳಿದರು: "ಮಕದ ತುಂಬ ಹೊತ್ಕೊಂಡ ಮಲಗ್ಯಾರ. ಆರಿಸಿ ಬಂದಾಗಿಂದ ಹಂಗ ಮಲಗ್ಯಾರ ಪಾಪ. ಎಬ್ಬಿಸಬ್ಯಾಡ್ರಿ, ರೂಢಿ ತಪ್ಪತೈತಿ."

ಓಣಿಯಲ್ಲಿ ಸಿಕ್ಕಿಬಿದ್ದದ್ದು

ಜೋರಾಪುರ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಚಾಚಾ ಒಬ್ಬರು ಬಚ್ಚಲಲ್ಲಿ ಜಾರಿ ಸೊಂಟ ಹಿಡಿದುಕೊಂಡಿದ್ದರು. ಹಳೇ ಗಾಡಿಯಾಗಿದ್ದರೆ ಅವರ ಹೊಸ್ತಿಲಿಗೇ ಹಚ್ಚುತ್ತಿದ್ದೆ. ಈ ಗಾಡಿಯ ಉದ್ದಗಲಕ್ಕೆ ಆ ಓಣಿ ಎಲ್ಲಿ ಸಾಕು? ಒಂದು ಕಡೆ ಕಟ್ಟೆ, ಇನ್ನೊಂದು ಕಡೆ ಲೈಟಿನ ಕಂಬ, ನಡುವೆ ಗಾಡಿ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಪಕ್ಕದ ಬಾಗಿಲು ಕಟ್ಟೆಗೆ ಒತ್ತಿತ್ತು, ನಾನೇ ಕಿಟಕಿಯಿಂದ ಹೊರಗೆ ಬಂದೆ.

ಅವರ ಮಕ್ಕಳು ಚಾಚಾನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದು ಗಾಡಿಯ ಮುಂದೆ ಇಳಿಸಿದರು. ನಾನು ಮತ್ತೆ ಕಿಟಕಿಯಿಂದ ಒಳಗೆ ತೂರಿ ಸ್ಟೇರಿಂಗ್ ಹಿಡಿದೆ. ಚಾಚಾ ಸೊಂಟ ಮರೆತು ಕೈ ಆಡಿಸತೊಡಗಿದರು.

"ಬರ್ಲಿ, ಬರ್ಲಿ... ಅರೆ ಭಾಯಿ, ಎಡಕ್ಕ! ನಿನ್ನ ಎಡ ಅಲ್ಲೋ, ನನ್ನ ಎಡ!"

ಓಣಿಯ ಮಂದಿಯೆಲ್ಲ ಮಾಳಿಗೆ ಏರಿ ಸಲಹೆ ಕೊಟ್ಟರು. ಟೈರಿನ ಗಾಳಿ ಇಳಿಸು ಅಂದರು ಒಬ್ಬರು, ಕಂಬ ಕಿತ್ತರಾಯಿತು ಅಂದರು ಇನ್ನೊಬ್ಬರು. ಕೊನೆಗೆ ಹಣ್ಣಿನ ತಳ್ಳುಗಾಡಿ ಖಾಲಿ ಮಾಡಿಸಿ, ಗಾದಿ ಹಾಸಿ ಚಾಚಾನನ್ನು ಮಲಗಿಸಿದರು. ತಳ್ಳುಗಾಡಿ ಸಲೀಸಾಗಿ ಹೊರಟಿತು.

ಚಾಚಾ ಮಲಗಿದಲ್ಲಿಂದಲೇ ತಿರುಗಿ ನನ್ನ ಗಾಡಿಯ ಕಡೆ ಕನಿಕರದಿಂದ ನೋಡಿದರು. "ನನ್ನ ಚಿಂತಿ ಬಿಡೋ ಬೇಟಾ, ನಾ ಹೋಗತೇನಿ. ಮೊದಲ ಇದಕ್ಕ ಒಂದು ಆಂಬುಲೆನ್ಸ್ ಕರಿ."

ರೇಡಿಯೋ

ಅವತ್ತು ತಳ್ಳುಗಾಡಿಯ ಸುತ್ತ ಮಾತಾಡುತ್ತ ಹೋದ ಮಂದಿಯನ್ನು ನೋಡಿದ ಮೇಲೆ ಮನಸ್ಸು ಮುರಿಯಿತು. ಗಾಜಿನ ಪೆಟ್ಟಿಗೆಯಲ್ಲಿ ಕೂತು ದೀಪದ ಜೊತೆ ಎಷ್ಟಂತ ಮಾತಾಡುವುದು? ಬರುವ ಸೋಮವಾರದ ಪೇಷಂಟನ್ನು ಮುಟ್ಟಿಸಿ ಕೀಲಿ ಕೊಟ್ಟುಬಿಡುವುದು, ಹಾಲಿನ ಗಾಡಿಯಾದರೂ ಸರಿ, ಪಕ್ಕದಲ್ಲಿ ಒಬ್ಬ ಮನುಷ್ಯ ಕೂಡುವಂಥದ್ದು ಓಡಿಸುವುದು ಅಂತ ಗಟ್ಟಿ ಮಾಡಿದೆ.

ಸೋಮವಾರದ ಪೇಷಂಟು ಕಳ್ಳಕವಟಗಿಯ ಮುದುಕಿ. ವಾರವಾರ ವಿಜಯಪುರಕ್ಕೆ ಡಯಾಲಿಸಿಸ್ಸಿಗೆ ಬರುವಾಕೆ, ಜೊತೆಗೆ ಅಳಿಯ. ಅಷ್ಟು ವಾರ ಕರೆತಂದರೂ ಆಕೆಯ ದನಿ ನಾನು ಸರಿಯಾಗಿ ಕೇಳಿರಲಿಲ್ಲ. ಅವತ್ತು ಕೀಲಿ ಕೊಡುವ ದುಃಖದಲ್ಲಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಆಸ್ಪತ್ರೆಯಲ್ಲಿ ಬಾಗಿಲು ತೆಗೆದರೆ ಮುದುಕಿ ಮುಖ ಗಂಟು ಹಾಕಿ ಕೂತಿದ್ದಾಳೆ.

"ಇವತ್ತ ರೇಡಿಯೋ ಯಾಕ ಹಚ್ಚಲಿಲ್ಲ?"

"ಯಾವ ರೇಡಿಯೋ ಯವ್ವಾ?"

ಅಳಿಯ ನಡುವೆ ಬಾಯಿ ಹಾಕಿದ: "ಅದ ರೀ, ಗಾಡಿ ಚಾಲೂ ಆದಕೂಡ್ಲೆ ಮ್ಯಾಲಿನ ಸ್ಪೀಕರಿನ್ಯಾಗ ಒಬ್ಬಾಂವ ಮಾತಾಡ್ತಾನಲ್ಲ. ಬಾಳ ಸುಳ್ಳ ಹೇಳ್ತಾನ, ಆದ್ರ ದಾರಿ ಸರದದ್ದು ಗೊತ್ತಾಗೂದಿಲ್ಲ. ಕಂಪನಿ ಅಂದ್ರ ಕಂಪನಿ ನೋಡ್ರಿ, ನಮ್ಮ ಕಡಿ ಮಾತಿನ ರೇಡಿಯೋ ಹಚ್ಚಿ ಕೊಟ್ಟಾರ!"

ನನ್ನ ಕಣ್ಣು ಮುಂದಿನ ಕ್ಯಾಬಿನ್ನಿನ ಹಸಿರು ದೀಪದ ಕಡೆ ಓಡಿತು. ಡ್ರೈವರನ ಮಾತು ಹಿಂದಿನವರಿಗೆ ಕೇಳಿಸುವ ಮೈಕಿನ ಗುಂಡಿ ಅದು! ಮೊದಲ ದಿನದಿಂದ ಇವತ್ತಿನವರೆಗೆ ಹತ್ತಿಯೇ ಇದೆ. ಸಾರವಾಡದವರು ನಕ್ಕದ್ದು ಮೆತ್ತನೆ ಸೀಟಿಗಲ್ಲ, ನನ್ನ ಎಮ್ಮೆಗೆ. ಹಿಂದಿನವರ ಬಗ್ಗೆಯೂ ನಾನು ಏನೇನು ಮಾತಾಡಿದ್ದೆನೋ!

ಅಳಿಯ ಮುಂದುವರಿಸಿದ: "ಹೋದ ವಾರ ಹೇಳಿದ ನೋಡ್ರಿ, ಯಾವನೋ ಒಬ್ಬ ಅಳಿಯ ಅತ್ತಿ ಕಣ್ಣ ಮುಚ್ಚಿದ ಕೂಡ್ಲೆ ಆಕಿ ಬಿಸ್ಕಿಟ್ ತಿಂತಾನಂತ. ಎಂಥೆಂಥಾ ಅಳಿಯಂದಿರ ಇರ್ತಾರ ಜಗತ್ತಿನ್ಯಾಗ!" ಅವನ ಮೀಸೆಯ ಮೇಲೆ ಆಗಲೂ ಬಿಸ್ಕಿಟಿನ ಪುಡಿ ಇತ್ತು.

ಮುದುಕಿ ಅವನನ್ನು ಗಾಲಿಕುರ್ಚಿ ತರಲು ಅಟ್ಟಿದಳು. ಆಮೇಲೆ ನನ್ನನ್ನೇ ನೆಟ್ಟಗೆ ನೋಡಿ ಅಂದಳು: "ತಮ್ಮಾ, ಆ ರೇಡಿಯೋದಾಂವಗ ಒಂದ ಮಾತ ಮುಟ್ಟಸು. ನನಗೊಬ್ಬಾಂವಗ ಬದನಿಕಾಯಿ ಪಲ್ಯ ಮಾಡ್ಕೊಂಡೆ, ಉಪ್ಪ ಹೆಚ್ಚಾತು, ಹೆಚ್ಚಾತಂತ ಹೇಳಾಕ ಮನ್ಯಾಗ ಯಾರೂ ಇಲ್ಲ ಅಂದಿದ್ದ. ನಾವು ಕೇಳೇವಿ ಅಂತ ಹೇಳು. ನನಗ ಡಾಕ್ಟರ್ ಉಪ್ಪ ಬಿಡಿಸ್ಯಾರ. ಆ ಪಲ್ಯಾ ನೆನಸ್ಕೊಂಡ ವಾರಪೂರ್ತಿ ಸಪ್ಪನ ರೊಟ್ಟಿ ತಿಂದೇನಿ."

ಅವತ್ತು ಸಂಸ್ಥೆಯ ಕಡೆ ಹೋಗಲೇ ಇಲ್ಲ. ಕೀಲಿ ಜೇಬಿನಲ್ಲೇ ಉಳಿಯಿತು.

ಮುಂದಿನ ಸೋಮವಾರ ಕಳ್ಳಕವಟಗಿ ದಾಟಿದ ಕೂಡಲೇ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಚಾಚಾನ ತಳ್ಳುಗಾಡಿಯ ಕತೆ ರಂಗಿಗೇರಿತ್ತು. ಟಿಕೋಟಾ ಹತ್ತಿರ ಬಂದಾಗ ಕುರಿ ಹಿಂಡು ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿ, ಕತೆ ಬಿಟ್ಟು, "ಏ ಕುರಿ ಸರಸೋ ಮಾರಾಯಾ!" ಅಂತ ಒದರಿದೆ. ಕನ್ನಡಿಯಲ್ಲಿ ನೋಡಿದರೆ ಅಳಿಯ ಸೀಟಿನಿಂದ ಅರ್ಧ ಎದ್ದು ನಿಂತಿದ್ದಾನೆ.

ಆಸ್ಪತ್ರೆಯಲ್ಲಿ ಬಾಗಿಲು ತೆಗೆಯುವುದಷ್ಟೇ ತಡ, ಹೊರಗೆ ಜಿಗಿದ. "ಏನ್ ಗಾಡಿ ರೀ ಇದು! ನಮ್ಮ ಮುಂದ ಕುರಿ ಬಂದದ್ದು, ಎಲ್ಲೋ ಕುಂತ ರೇಡಿಯೋದಾಂವಗ ಹೆಂಗ ಕಾಣಸ್ತು?"

ನಾನು ಏನಾದರೂ ಸುಳ್ಳು ಹುಡುಕುವಷ್ಟರಲ್ಲಿ ಮುದುಕಿ ಒಳಗಿನಿಂದಲೇ ಅಂದಳು:

"ಪಾಪ, ಒಬ್ಬಾಂವನ ಇರ್ತಾನಪಾ. ಯಾರರ ಬರ್ತಾರೇನಂತ ದಿನಾ ದಾರಿ ನೋಡಕೋತ ಕುಂತಿರ್ತಾನ. ಕುರಿ ಬಂದ್ರೂ ಕಾಣತೈತಿ."