ನಾಲ್ಕಡಿ ಸರಿದ ಬಡಾವಣೆ

ಊರು ಹೇಗೆ ಹುಟ್ಟಿತೆಂದು ಕೇಳಿದರೆ ಎಲ್ಲರ ಬಳಿಯೂ ಒಂದು ಮೊಲದ ಕಥೆ ಇರುತ್ತದೆ. ಮೊಲ ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಪಾಳೆಯಗಾರ ಬೆರಗಾಗಿ ಅಲ್ಲೇ ಕೋಟೆ ಕಟ್ಟಿಸಿದ. ಶಿಡ್ಲಘಟ್ಟದ ನಮ್ಮ ಬಡಾವಣೆಗೆ ಅಂಥ ಗೌರವವಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಪುರಸಭೆಯವರು ಯಾರೋ ಬಂದು ಹಿಪ್ಪುನೇರಳೆ ತೋಟವೊಂದರಲ್ಲಿ ಅಳತೆಯ ಸರಪಳಿ ಎಳೆದು, ಸೈಟಿನ ಮೂಲೆಗಳಿಗೆ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು, ಊರು ಬೆಳೆಯಿತು. ಅಲ್ಲಿ ಮೊದಲು ಮನೆ ಕಟ್ಟಿದವರು ನಾವು. ಹಾಗೆಂದು ನನ್ನ ನೆನಪು. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ, ಬಿ.ಎ. ಓದುವಾಗಲೇ ದಿನಚರಿ ಬರೆಯುವ ಚಟ ಹತ್ತಿದ್ದು ಅದಕ್ಕೇ.

ಎರಡು ವರ್ಷದ ಮೇಲೆ ರಸ್ತೆಯಾಚೆ, ನಮ್ಮ ಎದುರಿನ ಸೈಟಿನಲ್ಲಿ, ಶಾಲೆಯ ಟೀಚರ್ ಜಯಮ್ಮನವರು ಮನೆ ಕಟ್ಟಿಸಿದರು. ಗಂಡ ತೀರಿಕೊಂಡ ಮೇಲೆ ತಾವೇ ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆ. ಮುಂದೊಂದು ಜಗಲಿ; ಸಂಜೆಯಾದರೆ ಅದರ ತುಂಬ ಬಡಾವಣೆಯ ಹೆಣ್ಣುಮಕ್ಕಳು ಕೂತು ಮಗ್ಗಿ ಹೇಳುವರು. ಕೆಲವು ವರ್ಷ ಕಳೆದು, ಚರಂಡಿ ಮಾಡಿಸಲು ಬಂದ ಪುರಸಭೆಯ ಓವರ್ಸಿಯರು ಟೇಪು ಹಿಡಿದು ನೋಡಿ, "ಜಗಲಿ ನಾಲ್ಕಡಿ ರಸ್ತೆಗೆ ಬಂದೈತಮ್ಮ. ನಾಳೆ ಒಡೀಬೇಕು" ಅಂದರು.

"ನಿಮ್ಮೋರು ನೆಟ್ಟ ಕಲ್ಲು ನೋಡ್ಕೊಂಡೇ ಕಟ್ಸಿರೋದು ಕಣಪ್ಪ. ಕಲ್ಲಿಗೇನು ಕಾಲು ಬಂತಾ? ಬೇಕಾದ್ರೆ ಈ ನಮ್ಮ ಬಿ.ಎ.ನ ಕೇಳಿ, ದಿನಾ ಎಲ್ಲಾ ಬರ್ದಿಡ್ತಾನೆ" ಎಂದು ಜಯಮ್ಮ ನನ್ನತ್ತ ಕೈ ತೋರಿಸಿದರು.

ನನಗೆ ಎದೆಯುಬ್ಬಿತು. ಇಷ್ಟು ವರ್ಷದ ಬರವಣಿಗೆಗೆ ಕಡೆಗೂ ಕೇಳುಗರು ಸಿಕ್ಕಿದ್ದರು. ಅಟ್ಟದಿಂದ ಹಳೆಯ ದಿನಚರಿ ಇಳಿಸಿ, ಧೂಳು ಕೊಡವಿ, ರಸ್ತೆಯಲ್ಲೇ ಗಟ್ಟಿಯಾಗಿ ಓದತೊಡಗಿದೆ: "ಗಾಳಿ ಜೋರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಮ್ಮ ಎದುರಿನ ಖಾಲಿ ಸೈಟಿನಲ್ಲಿ ನಿಲ್ಲಿಸಿದ್ದರು. ಅವು ಬೀಳದಂತೆ ಆನಿಸಲು ಹತ್ತಿರದ ಸುಣ್ಣ ಬಳಿದ ಮೂಲೆಗಲ್ಲೊಂದನ್ನು ಕಿತ್ತು..."

ನನ್ನ ದನಿ ತಾನಾಗಿ ತಗ್ಗಿತು.

"ಓದಪ್ಪ, ಯಾಕೆ ನಿಲ್ಲಿಸ್ದೆ?" ಎಂದರು ಜಯಮ್ಮ.

"...ಸಂಜೆ ಸುಮಾರಾಗಿ ಅಲ್ಲೇ ನೆಟ್ಟೆ."

"ನಿಮ್ಮ ಬಿ.ಎ. ಲೆಕ್ಕದಲ್ಲಿ ಸುಮಾರು ಅಂದ್ರೆ ನಾಲ್ಕಡಿಯಾ ಸ್ವಾಮಿ?" ಎಂದು ಓವರ್ಸಿಯರು ಟೇಪು ಸುತ್ತಿದರು. "ರಸ್ತೆಗೆ ಮೂವತ್ತಡಿ ಬೇಕೇ ಬೇಕು. ಆ ಕಡೆ ಬಿಡಲ್ಲ ಅಂದ್ರೆ ಈ ಕಡೆ ಬಿಡ್ಬೇಕು." ಅವರ ಕಣ್ಣು ನಮ್ಮ ಮನೆಯ ಜಗಲಿಯ ಮೇಲಿತ್ತು.

ಬಾಗಿಲಲ್ಲಿ ನಿಂತಿದ್ದ ಅಮ್ಮ ತೆಲುಗಿನಲ್ಲಿ "ಏಮಿರಾ ಇದಿ?", ಏನೋ ಇದು, ಎಂದರು. ಜಯಮ್ಮ ತಮ್ಮ ಜಗಲಿಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದರು.

"ನಮ್ಮದನ್ನೇ ಒಡೀರಿ" ಎಂದೆ. ತಕ್ಷಣ ಎಂದೆ ಎಂದು ನನ್ನ ನೆನಪು. ಅಮ್ಮ ಹೇಳುವುದೇ ಬೇರೆ: ನಾನು ಕಲ್ಲಿನ ಹಾಗೆ ನಿಂತಿದ್ದೆನಂತೆ, ಅವರು ಬಂದು ಬೆನ್ನಿಗೆ ತಿವಿದ ಮೇಲೆ ಬಾಯಿ ಬಿಟ್ಟೆನಂತೆ. ಯಾರ ಮಾತು ನಿಜವೆಂದು ತಿಳಿಯಲು ಮೊನ್ನೆ ಆ ದಿನದ ಪುಟ ತೆರೆದೆ. "ಊರಿನ ಏಳಿಗೆಗಾಗಿ ಸ್ವಸಂತೋಷದಿಂದ ನಾಲ್ಕಡಿ ಬಿಟ್ಟುಕೊಟ್ಟೆ" ಎಂದಿದೆ. ಅಕ್ಷರವೇನೋ ನನ್ನದೇ. ಆದರೆ ಬರೆದವನನ್ನು ನಾನು ಚೆನ್ನಾಗಿ ಬಲ್ಲೆ.